ಬಲ್ಗೇರಿಯನ್ನರು ಎಲ್ಲಿಂದ ಬಂದರು? ಮೂಳೆ ಹೇಳುವುದು, ಬೂದಿ ಮುಚ್ಚಿಡುವುದು

(ಸಾರ್ವಜನಿಕ ಉಪನ್ಯಾಸವೊಂದರ ಪರಿಷ್ಕೃತ ಬರಹ ರೂಪ)

ಕ್ರಿ.ಪೂ. 5ನೇ ಶತಮಾನದ ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ತನ್ನ ಕಾಲಕ್ಕೆ ಗೊತ್ತಿದ್ದ ಜನಸಮುದಾಯಗಳನ್ನು ಬಣ್ಣಿಸುತ್ತ ಒಂದೆಡೆ, ಭಾರತೀಯರನ್ನು ಬಿಟ್ಟರೆ ಜಗತ್ತಿನಲ್ಲಿ ಅತ್ಯಂತ ದೊಡ್ಡ ಜನವೆಂದರೆ ಥ್ರೇಸಿಯನ್ನರು ಎಂದು ಬರೆದಿದ್ದಾನೆ. ನಮ್ಮನ್ನು ಮೊದಲ ಸ್ಥಾನದಲ್ಲಿಟ್ಟು ಅವನು ಎರಡನೆಯ ಸ್ಥಾನ ಕೊಟ್ಟ ಆ ಜನ ಇಂದಿನ ಬಲ್ಗೇರಿಯಾ ಮತ್ತು ಅದರ ಸುತ್ತಲ ಸೀಮೆಯಲ್ಲಿ ನೆಲೆಸಿದ್ದರು. ಅವರ ಭಾಷೆಯನ್ನು ಇಂದು ಯಾರೂ ಆಡುವುದಿಲ್ಲ. 1912ರಲ್ಲಿ ಎಜೆರೊವೊ ಎಂಬ ಹಳ್ಳಿಯಲ್ಲಿ ಸಿಕ್ಕ ಚಿನ್ನದ ಉಂಗುರವೊಂದರ ಮೇಲೆ ಗ್ರೀಕ್ ಲಿಪಿಯಲ್ಲಿ ಕೊರೆದ 61 ಅಕ್ಷರಗಳಂತಹ ಬೆರಳೆಣಿಕೆಯ ಶಾಸನಗಳಲ್ಲಿ ಮಾತ್ರ ಅದು ಉಳಿದಿದೆ, ಮತ್ತು ಆ 61 ಅಕ್ಷರಗಳನ್ನು ಹೇಗೆ ಪದಗಳಾಗಿ ಬಿಡಿಸಬೇಕೆಂಬುದರ ಬಗ್ಗೆಯೇ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಷ್ಟು ದೊಡ್ಡ ಜನ ಎಲ್ಲಿ ಹೋದರು? ಅಳಿದುಹೋದರೇ, ಅಥವಾ ಬೇರೆ ಹೆಸರಿನಲ್ಲಿ, ಬೇರೆ ಭಾಷೆ ಆಡುತ್ತ ಅಲ್ಲೇ ಉಳಿದರೇ? ಈ ಉಪನ್ಯಾಸದ ವಿಷಯ ಹುಟ್ಟುವುದು ಈ ಪ್ರಶ್ನೆಯಿಂದ.

ಬಲ್ಗೇರಿಯನ್ನರ ಮೂಲದ ವಿಚಾರ ಜಟಿಲವಾಗಿರುವುದಕ್ಕೆ ಒಂದು ಸರಳ ಕಾರಣವಿದೆ. ಅವರ ದೇಶದ ಹೆಸರು ಬಂದದ್ದು ಬಲ್ಗಾರರು ಎಂಬ ಕುದುರೆಸವಾರ ಅಲೆಮಾರಿಗಳಿಂದ. 7ನೇ ಶತಮಾನದಲ್ಲಿ ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನಲ್ಲಿ ಕುಬ್ರಾತ್ ಎಂಬ ದೊರೆ ಕಟ್ಟಿದ್ದ ರಾಜ್ಯ ಖಜಾರರ ಒತ್ತಡಕ್ಕೆ ಒಡೆದಾಗ, ಅವನ ಮಗ ಅಸ್ಪರೂಖ್ ತನ್ನವರೊಡನೆ ಡ್ಯಾನ್ಯೂಬ್ ಮುಖಜಭೂಮಿಗೆ ಬಂದು, 680ರಲ್ಲಿ ಬೈಜಾಂಟೈನ್ ಸೈನ್ಯವನ್ನು ಸೋಲಿಸಿ, ಮರುವರ್ಷ ಚಕ್ರವರ್ತಿಯೊಡನೆ ಒಪ್ಪಂದ ಮಾಡಿಕೊಂಡು ಬಲ್ಗೇರಿಯಾವನ್ನು ಸ್ಥಾಪಿಸಿದ. ಆದರೆ ಇಂದಿನ ಬಲ್ಗೇರಿಯನ್ ಭಾಷೆ ಆ ಬಲ್ಗಾರರದ್ದಲ್ಲ. ಅದು ಸ್ಲಾವಿಕ್ ಭಾಷೆ, ರಷ್ಯನ್, ಸರ್ಬಿಯನ್ ಭಾಷೆಗಳ ಒಡಹುಟ್ಟು. ಬಲ್ಗಾರರ ಮೂಲ ನುಡಿಗೆ ಹತ್ತಿರವೆಂದು ಬಹುಪಾಲು ಭಾಷಾತಜ್ಞರು ಗುರುತಿಸುವುದು ರಷ್ಯಾದ ವೋಲ್ಗಾ ನದಿಯ ಬಳಿ ಇಂದಿಗೂ ಆಡುವ ಚುವಾಶ್ ಎಂಬ ತುರ್ಕಿ ಬಳಗದ ಭಾಷೆಯನ್ನು. ಹೀಗೆ ಹೆಸರು ಒಬ್ಬರಿಂದ, ನುಡಿ ಮತ್ತೊಬ್ಬರಿಂದ, ನೆಲ ಇವರಿಬ್ಬರಿಗಿಂತ ಹಿಂದೆ ಅಲ್ಲಿ ಬಾಳಿದವರಿಂದ ಬಂದಿರುವಾಗ, ಮೈಯೊಳಗಿನ ವಂಶವಾಹಿ ಯಾರಿಂದ ಎಷ್ಟು ಬಂತೆಂಬುದು ಗ್ರಂಥಗಳಿಂದ ತಿಳಿಯುವ ಸಂಗತಿಯಲ್ಲ. ಬೈಜಾಂಟೈನ್ ಬರಹಗಾರರು ಬಲ್ಗಾರರ ಹಾವಳಿಯನ್ನು ಬರೆದರು, ಅವರ ಅಧೀನಕ್ಕೆ ಬಂದ ಏಳು ಸ್ಲಾವ್ ಪಂಗಡಗಳನ್ನೂ ಸೆವೆರಿ ಎಂಬ ಇನ್ನೊಂದು ಪಂಗಡವನ್ನೂ ಹೇಳಿದರು. ಜನಗಣತಿಯನ್ನು ಮಾತ್ರ ಯಾರೂ ಬರೆಯಲಿಲ್ಲ.

ಗಣತಿಯಿಲ್ಲದ ಕಾಲದ ಗಣತಿಯನ್ನು ಮೂಳೆಗಳಿಂದ ಓದುವ ವಿದ್ಯೆಯೇ ಪ್ರಾಚೀನ ಡಿಎನ್‌ಎ ಅಧ್ಯಯನ. ಇದರ ಅಡಿಪಾಯ ಹಾಕಿದ ಸ್ವಾಂಟೆ ಪೇಬೊ ಅವರಿಗೆ 2022ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಗೆದ್ದಲು ತಿಂದ ತಾಳೆಗರಿ ಕಟ್ಟನ್ನು ನೆನೆಸಿಕೊಳ್ಳಿ. ಗರಿಗಳು ಪುಡಿಯಾಗಿವೆ, ಒಂದೊಂದು ಚೂರಿನಲ್ಲಿ ನಾಲ್ಕಾರು ಅಕ್ಷರ ಮಾತ್ರ ಇವೆ, ಮೇಲಾಗಿ ಮುಟ್ಟಿದವರ ಕೈಬರಹದ ಚೀಟಿಗಳೂ ಅದರಲ್ಲಿ ಬೆರೆತಿವೆ. ಮನುಷ್ಯನ ಜೀನೋಮ್ ಸುಮಾರು 300 ಕೋಟಿ ಅಕ್ಷರಗಳ ಗ್ರಂಥ. ಸಾವಿರಾರು ವರ್ಷ ಮಣ್ಣಿನಲ್ಲಿದ್ದ ಮೂಳೆಯಲ್ಲಿ ಅದು ಸಾಮಾನ್ಯವಾಗಿ ನೂರು ಅಕ್ಷರಕ್ಕಿಂತಲೂ ಚಿಕ್ಕ ತುಣುಕುಗಳಾಗಿ ಒಡೆದಿರುತ್ತದೆ, ಮತ್ತು ಆ ತುಣುಕುಗಳ ನಡುವೆ ಮಣ್ಣಿನ ಬ್ಯಾಕ್ಟೀರಿಯಾಗಳ ಡಿಎನ್‌ಎಯೇ ಹೆಚ್ಚು. ಅದೃಷ್ಟಕ್ಕೆ, ಹಳೆಯ ತುಣುಕಿನ ತುದಿಗಳಲ್ಲಿ ಒಂದು ವಿಶಿಷ್ಟ ಸವಕಳಿ ಆಗುತ್ತದೆ: ಸೈಟೋಸಿನ್ ಎಂಬ ಅಕ್ಷರ ರಾಸಾಯನಿಕವಾಗಿ ಬದಲಾಗಿ ಥೈಮಿನ್‌ನಂತೆ ಓದಿಸಿಕೊಳ್ಳುತ್ತದೆ. ಈ ಸವಕಳಿ ಇದ್ದರೆ ತುಣುಕು ಹಳೆಯದು. ಇಲ್ಲದಿದ್ದರೆ ಅದು ಉತ್ಖನನ ಮಾಡಿದವರ ಅಥವಾ ಪ್ರಯೋಗಾಲಯದವರ ಬೆವರಿನಿಂದ ಬಂದಿರಬಹುದು. ದೋಷವೇ ಸಾಚಾತನದ ಗುರುತಾಗುವ ಈ ತರ್ಕ ನನ್ನ ದೃಷ್ಟಿಯಲ್ಲಿ ಇಡೀ ವಿದ್ಯೆಯ ಅತ್ಯಂತ ಸುಂದರ ಭಾಗ. ಡಿಎನ್‌ಎ ಚೆನ್ನಾಗಿ ಉಳಿಯುವುದು ಒಳಕಿವಿಯನ್ನು ಸುತ್ತುವರಿದ ಕಪಾಲದ ಅತಿ ಗಟ್ಟಿ ಮೂಳೆಯಲ್ಲಿ. ಅದರಿಂದ ತೆಗೆದ ತುಣುಕುಗಳಲ್ಲಿ 12 ಲಕ್ಷಕ್ಕೂ ಹೆಚ್ಚು ನಿರ್ದಿಷ್ಟ ಸ್ಥಾನಗಳನ್ನು ಮಾತ್ರ ಹೆಕ್ಕಿ ಓದುವ ಪದ್ಧತಿ ಬಂದ ಮೇಲೆ, ನೂರಾರು ಅಸ್ಥಿಪಂಜರಗಳನ್ನು ಒಟ್ಟಿಗೆ ಹೋಲಿಸುವುದು ಸಾಧ್ಯವಾಯಿತು.

ನೆಲವನ್ನೂ ಜನವನ್ನೂ ಒಂದೇ ಎಂದುಕೊಳ್ಳುವುದು ಎಷ್ಟು ಅಪಾಯಕರ ಎಂಬುದಕ್ಕೆ ಬಲ್ಗೇರಿಯಾದ ಒಂದು ಗುಹೆಯೇ ಸಾಕ್ಷಿ. ದ್ರಿಯಾನೊವೊ ಊರಿನ ಬಳಿಯ ಬಾಚೊ ಕಿರೊ ಗುಹೆಯಲ್ಲಿ ಸುಮಾರು 45,000 ವರ್ಷಗಳ ಹಿಂದೆ ಆಧುನಿಕ ಮಾನವರು ವಾಸವಾಗಿದ್ದರೆಂದು 2020ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮರುವರ್ಷ ಅವರ ಜೀನೋಮ್ ಓದಿದಾಗ, ಅವರ ವಂಶದಲ್ಲಿ ಕೇವಲ ಆರೇಳು ತಲೆಮಾರುಗಳ ಹಿಂದಷ್ಟೇ ನಿಯಾಂಡರ್ತಾಲ್ ಎಂಬ, ಈಗ ಅಳಿದುಹೋದ ಮಾನವ ಬಳಗದ ಪೂರ್ವಜರಿದ್ದರೆಂದು ಗೊತ್ತಾಯಿತು. ಅದಕ್ಕಿಂತ ಅಚ್ಚರಿಯೆಂದರೆ, ಅವರಿಗೆ ಇಂದಿನ ಯುರೋಪಿನವರಿಗಿಂತ ಪೂರ್ವ ಏಷ್ಯಾದವರೊಡನೆ ಹೆಚ್ಚು ನಂಟು ಕಂಡಿತು. ಅದೇ ಗುಹೆಯಲ್ಲಿ ಸುಮಾರು 35,000 ವರ್ಷಗಳ ಹಿಂದೆ ಇದ್ದ ಇನ್ನೊಬ್ಬ ವ್ಯಕ್ತಿಯ ಜೀನೋಮ್ ಮಾತ್ರ ನಂತರದ ಯುರೋಪಿನ ಬೇಟೆಗಾರರ ಕಡೆಗೆ ತಿರುಗಿದೆ. ಗುಹೆ ಒಂದೇ, ಜನ ಬೇರೆ ಬೇರೆ. ಮೊದಲ ಗುಂಪಿನ ಸಂತತಿ ಇಂದಿನ ಬಲ್ಗೇರಿಯಾದಲ್ಲಿ ಹೆಚ್ಚುಕಡಿಮೆ ಇಲ್ಲವೆಂದೇ ಹೇಳಬೇಕು.

ಇಂದಿನ ಬಲ್ಗೇರಿಯನ್ನರ ಮೈಯಲ್ಲಿ ನಿಜವಾಗಿ ಉಳಿದಿರುವ ಮೊದಲ ದೊಡ್ಡ ಪಾಲು ಕ್ರಿ.ಪೂ. 6000ದ ಆಸುಪಾಸಿನಲ್ಲಿ, ಅದಕ್ಕಿಂತ ತುಸು ಮುಂಚೆಯೇ, ಅನಟೋಲಿಯಾದಿಂದ, ಅಂದರೆ ಇಂದಿನ ತುರ್ಕಿಯಿಂದ ಬಂದ ರೈತರದ್ದು. ಗೋಧಿ, ಬಾರ್ಲಿ, ಕುರಿ, ಮೇಕೆಗಳೊಂದಿಗೆ ಬಂದ ಇವರು ಕರನೊವೊದಂತಹ ದಿಬ್ಬಗಳಲ್ಲಿ ಮನೆಯ ಮೇಲೆ ಮನೆ ಕಟ್ಟುತ್ತ ನೂರಾರು ವರ್ಷ ಬಾಳಿದರು. ಆಗ್ನೇಯ ಯುರೋಪಿನ 225 ಪ್ರಾಚೀನ ವ್ಯಕ್ತಿಗಳ ಜೀನೋಮ್‌ಗಳನ್ನು ಒಳಗೊಂಡ 2018ರ ದೊಡ್ಡ ಅಧ್ಯಯನ, ಈ ರೈತರು ಸ್ಥಳೀಯ ಬೇಟೆಗಾರರು ಬೇಸಾಯ ಕಲಿತು ಆದವರಲ್ಲ, ವಲಸೆ ಬಂದವರೇ ಎಂಬುದನ್ನು ಖಚಿತಪಡಿಸಿತು. ಡ್ಯಾನ್ಯೂಬ್ ದಡದ ಮಲಕ್ ಪ್ರೆಸ್ಲಾವೆಟ್ಸ್‌ನಂತಹ ಕೆಲವು ಕಡೆಗಳಲ್ಲಿ ಮಾತ್ರ ಸ್ಥಳೀಯ ಬೇಟೆಗಾರರೊಡನೆ ಬೆರೆತ ಗುರುತು ಎದ್ದು ಕಾಣುತ್ತದೆ.

ಈ ರೈತರ ಸಂತತಿಯೇ ಮುಂದೆ ವಾರ್ನಾದ ಚಿನ್ನವನ್ನು ಮಾಡಿತು. 1972ರಲ್ಲಿ ಕಪ್ಪು ಸಮುದ್ರದ ತೀರದ ವಾರ್ನಾ ನಗರದ ಬಳಿ ಆಕಸ್ಮಿಕವಾಗಿ ಬಯಲಾದ ಸ್ಮಶಾನದಲ್ಲಿ ಸುಮಾರು 300 ಗೋರಿಗಳೂ 3,000ಕ್ಕೂ ಹೆಚ್ಚು ಚಿನ್ನದ ವಸ್ತುಗಳೂ ಸಿಕ್ಕವು, ಕ್ರಿ.ಪೂ. 4600ರಿಂದ 4300ರ ನಡುವಿನ ಈ ಚಿನ್ನದ ಒಟ್ಟು ತೂಕ ಸುಮಾರು 6 ಕಿಲೋ. ಅಲ್ಲಿನ ಬಹುತೇಕ ಅಸ್ಥಿಗಳು ನಿರೀಕ್ಷೆಯಂತೆ ರೈತ ವಂಶದವು. ಆದರೆ ಅಲ್ಲಿನ ಒಬ್ಬ ವ್ಯಕ್ತಿಯಲ್ಲಿ, ಹಾಗೆಯೇ ಸ್ಮ್ಯಾದೊವೊ ಎಂಬಲ್ಲಿನ ಇನ್ನೊಬ್ಬ ವ್ಯಕ್ತಿಯಲ್ಲಿ, ಕಪ್ಪು ಸಮುದ್ರದ ಉತ್ತರದ ಸ್ಟೆಪಿ ಹುಲ್ಲುಗಾವಲಿನ ಪಾಲು ಕಂಡುಬಂತು. ಅದರ ಮಹತ್ವ ಇಷ್ಟು: ಹುಲ್ಲುಗಾವಲಿನ ಪಶುಪಾಲಕರು ಗುಂಪುಗುಂಪಾಗಿ ಯುರೋಪಿಗೆ ಬರುವುದಕ್ಕೆ ಸಾವಿರ ವರ್ಷಕ್ಕೂ ಮೊದಲೇ ಈ ಕರಾವಳಿಯಲ್ಲಿ ಅಲ್ಲೊಬ್ಬ ಇಲ್ಲೊಬ್ಬರಂತೆ ಹೋಗಿಬರುವ ಸಂಪರ್ಕವಿತ್ತು. ಸಂಪರ್ಕ ಎಂದರೆ ಆಕ್ರಮಣವಲ್ಲ. ಹಳೆಯ ಪಠ್ಯಗಳು ಈ ಎರಡನ್ನೂ ಒಂದಾಗಿ ಕಂಡದ್ದುಂಟು.

ಗುಂಪಾಗಿ ಬಂದದ್ದು ಕ್ರಿ.ಪೂ. 3000ದ ಆಸುಪಾಸಿನಲ್ಲಿ. ಗಾಡಿ, ದನಕರುಗಳೊಡನೆ ಬಂದ ಯಾಮ್ನಾಯ ಎಂಬ ಈ ಪಶುಪಾಲಕರು ಸತ್ತವರ ಮೇಲೆ ಮಣ್ಣಿನ ದಿಬ್ಬ ಏರಿಸುತ್ತಿದ್ದರು. ಬಲ್ಗೇರಿಯಾದ ಬಯಲುಗಳಲ್ಲಿ ಅಂಥ ದಿಬ್ಬಗಳು ಇಂದಿಗೂ ಕಾಣುತ್ತವೆ. ಈ ಹುಲ್ಲುಗಾವಲಿನ ವಂಶಧಾರೆಯ ಇನ್ನೊಂದು ಕವಲು ಮಧ್ಯ ಏಷ್ಯಾದ ಮೂಲಕ ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ದಕ್ಷಿಣ ಏಷ್ಯಾವನ್ನೂ ತಲುಪಿತೆಂದು 2019ರಲ್ಲಿ 523 ಪ್ರಾಚೀನ ವ್ಯಕ್ತಿಗಳ ಅಧ್ಯಯನ ತೋರಿಸಿದೆಯಾದ್ದರಿಂದ, ನಮ್ಮಲ್ಲಿ ಅನೇಕರಿಗೂ ಬಲ್ಗೇರಿಯನ್ನರಿಗೂ ಆ ದೂರದ ಪೂರ್ವಜರಲ್ಲಿ ಒಂದು ಪಾಲು ಸಮಾನವಾಗಿದೆ. ಉತ್ತರ ಯುರೋಪಿನಲ್ಲಿ ಈ ಪಶುಪಾಲಕರ ಆಗಮನ ಜನಸಂಖ್ಯೆಯನ್ನೇ ಬದಲಿಸಿತು. ಜರ್ಮನಿಯ ಹುರಿಗುರುತಿನ ಮಡಕೆಗಳ ಸಂಸ್ಕೃತಿಯವರಲ್ಲಿ ಸುಮಾರು ಮುಕ್ಕಾಲು ಪಾಲು ಯಾಮ್ನಾಯ ವಂಶ. ಬಾಲ್ಕನ್ ಪ್ರದೇಶದಲ್ಲಿ ಹಾಗಾಗಲಿಲ್ಲ. ಇಲ್ಲಿ ರೈತರ ಜನಸಂಖ್ಯೆ ದಟ್ಟವಾಗಿತ್ತು. ಬಂದವರು ಅದರಲ್ಲಿ ಬೆರೆತರು, ಅದನ್ನು ಮುಳುಗಿಸಲಿಲ್ಲ. ಆ ಬೆರಕೆಯಿಂದ ರೂಪುಗೊಂಡವರೇ ಹೆರೊಡೋಟಸ್ ಹೇಳಿದ ಥ್ರೇಸಿಯನ್ನರು.

ಥ್ರೇಸಿಯನ್ನರ ವಂಶವಾಹಿಯನ್ನು ಓದುವ ಮೊದಮೊದಲ ಯತ್ನಗಳಲ್ಲಿ ಒಂದು ಪಾಠವಿದೆ. ಸ್ವಿಲೆನ್‌ಗ್ರಾದ್ ಬಳಿಯ ಗುಂಡಿಯೊಂದರಲ್ಲಿ ಸಿಕ್ಕ, ಕ್ರಿ.ಪೂ. 800ರಿಂದ 500ರ ನಡುವಿನ ವ್ಯಕ್ತಿಯೊಬ್ಬರ ಡಿಎನ್‌ಎಯನ್ನು ಸುಮಾರು ಹತ್ತು ವರ್ಷಗಳ ಹಿಂದೆ ಓದಿದಾಗ, ಆ ವ್ಯಕ್ತಿ ಇಂದಿನ ಬಲ್ಗೇರಿಯನ್ನರಿಗಿಂತ ಇಟಲಿಯ ಸಾರ್ಡೀನಿಯಾ ದ್ವೀಪದವರನ್ನು ಹೆಚ್ಚು ಹೋಲುವಂತೆ ಕಂಡಿತು. ಆಲ್ಪ್ಸ್ ಹಿಮದಲ್ಲಿ 1991ರಲ್ಲಿ ಸಿಕ್ಕ ಓಟ್ಸಿ ಎಂಬ ಪ್ರಾಚೀನ ಮನುಷ್ಯನ ದೇಹದ ವಿಷಯದಲ್ಲೂ ಇದೇ ಕಂಡಿತ್ತು. ಥ್ರೇಸಿಯನ್ನರು ಸಾರ್ಡೀನಿಯಾದಿಂದ ಬಂದರೆಂದು ಇದರರ್ಥವಲ್ಲ. ಸಾರ್ಡೀನಿಯಾ ದ್ವೀಪವಾದ್ದರಿಂದ ಅಲ್ಲಿಗೆ ಹುಲ್ಲುಗಾವಲಿನವರು ಹೆಚ್ಚು ತಲುಪಲಿಲ್ಲ. ಆದಿ ರೈತರ ಪಾಲು ಅಲ್ಲಿ ಇಂದಿಗೂ ದೊಡ್ಡದು. ಆದ್ದರಿಂದ ಹಳೆಯ ರೈತ ವಂಶದ ಯಾವ ವ್ಯಕ್ತಿಯನ್ನು ಇಂದಿನವರೊಡನೆ ಹೋಲಿಸಿದರೂ ಸಾರ್ಡೀನಿಯಾದವರೇ ಹತ್ತಿರ ಕಾಣುತ್ತಾರೆ. ಹೋಲಿಕೆ ಬೇರೆ, ಮೂಲ ಬೇರೆ. ಇಂದಿನ ಜನರನ್ನು ಅಳತೆಗೋಲಾಗಿ ಹಿಡಿದು ನಿನ್ನೆಯವರನ್ನು ಅಳೆಯುವಾಗ ಆಗುವ ಈ ತಪ್ಪನ್ನು, ವಂಶಾವಳಿ ಪರೀಕ್ಷೆಯ ಫಲಿತಾಂಶ ಹಿಡಿದು ಮಾತನಾಡುವ ಜನಸಾಮಾನ್ಯರು ಇಂದಿಗೂ ಮಾಡುತ್ತಾರೆ. ನಂತರ ಇಂತಹ ಅನೇಕ ಮಾದರಿಗಳು ಬಂದು ಚಿತ್ರ ತಿಳಿಯಾಯಿತು. 2019ರಲ್ಲಿ ಬಲ್ಗೇರಿಯಾದ ಕಂಚಿನ ಯುಗದ 25 ಮೈಟೊಕಾಂಡ್ರಿಯ ಜೀನೋಮ್‌ಗಳು (ತಾಯಿಯಿಂದ ಮಾತ್ರ ಬರುವ ಚಿಕ್ಕ ಡಿಎನ್‌ಎ), 2022ರಲ್ಲಿ ಬಾಲ್ಕನ್‌ನಿಂದ ಪಶ್ಚಿಮ ಏಷ್ಯಾದವರೆಗಿನ 727 ಹೊಸ ಜೀನೋಮ್‌ಗಳು ಪ್ರಕಟವಾದವು.

ರೋಮನ್ ಕಾಲವನ್ನು ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ಕ್ರಿ.ಶ. 46ರಲ್ಲಿ ಥ್ರೇಸ್ ರೋಮನ್ ಪ್ರಾಂತವಾಯಿತು. 2023ರಲ್ಲಿ ಪ್ರಕಟವಾದ ಬಾಲ್ಕನ್ ಜೀನೋಮ್‌ಗಳ ಅಧ್ಯಯನ, ಸರ್ಬಿಯಾದ ವಿಮಿನಾಸಿಯಂ ಎಂಬ ಗಡಿನಗರದ ಗೋರಿಗಳಲ್ಲಿ ಅನಟೋಲಿಯಾ ಕಡೆಯಿಂದ ಬಂದವರನ್ನು ದೊಡ್ಡ ಪ್ರಮಾಣದಲ್ಲಿಯೂ, ಪೂರ್ವ ಆಫ್ರಿಕಾದ ವಂಶದ ಒಬ್ಬರನ್ನೂ ಕಂಡಿತು. ಇಟಲಿಯಿಂದ ಬಂದವರ ಗುರುತು ಮಾತ್ರ ಆಶ್ಚರ್ಯವಾಗುವಷ್ಟು ವಿರಳ. ರೋಮ್ ಆಳಿತು, ಆದರೆ ರೋಮಿನವರು ಬಂದು ತುಂಬಿಕೊಳ್ಳಲಿಲ್ಲ.

ಈಗ ಸ್ಲಾವರ ವಿಷಯ. 6ನೇ ಶತಮಾನದಲ್ಲಿ, ಜಸ್ಟಿನಿಯನ್ ಚಕ್ರವರ್ತಿಯ ಕಾಲದಲ್ಲಿ, ಯುದ್ಧಗಳಿಂದಲೂ 541ರಲ್ಲಿ ತೊಡಗಿದ ಮಹಾಮಾರಿ ಪ್ಲೇಗಿನಿಂದಲೂ ಬಾಲ್ಕನ್ ಸೀಮೆ ಬಡವಾಗಿದ್ದಾಗ, ಡ್ಯಾನ್ಯೂಬ್ ದಾಟಿ ಸ್ಲಾವರು ಬಂದರು. ಅವರು ಬಂದದ್ದು ನಿಜ. ಆದರೆ ಅವರು ಬೆರಳೆಣಿಕೆಯವರಾಗಿದ್ದು ಭಾಷೆ ಮಾತ್ರ ಹರಡಿತೇ, ಅಥವಾ ಜನರೇ ಹೊಳೆಯಂತೆ ಬಂದರೇ ಎಂಬ ವಾದ ನೂರು ವರ್ಷ ನಡೆಯಿತು. 2023ರ ಅಧ್ಯಯನದ ಉತ್ತರ ಸ್ಪಷ್ಟವಾಗಿದೆ: ಇಂದಿನ ಬಾಲ್ಕನ್ ಜನರ ವಂಶದಲ್ಲಿ ಸುಮಾರು 30ರಿಂದ 60 ಪ್ರತಿಶತ ಪಾಲು ಈ ಸ್ಲಾವ್ ವಲಸೆಗೆ ಸಂಬಂಧಿಸಿದ್ದು, ಏಜಿಯನ್ ದ್ವೀಪಗಳ ಕಡೆಗೆ ಹೋದಂತೆ ಅದು ಕಡಿಮೆಯಾಗುತ್ತದೆ. 2025ರಲ್ಲಿ 555 ಪ್ರಾಚೀನ ಜೀನೋಮ್‌ಗಳನ್ನು ಆಧರಿಸಿ ಬಂದ ಇನ್ನೊಂದು ಅಧ್ಯಯನ ಆ ವಲಸೆಯ ಮೂಲವನ್ನು ದಕ್ಷಿಣ ಬೆಲಾರುಸ್ ಮತ್ತು ಮಧ್ಯ ಉಕ್ರೇನಿನ ನಡುವಿನ ಪ್ರದೇಶಕ್ಕೆ ಗುರುತಿಸಿತು. ಗಂಡಸರ ದಂಡು ಮಾತ್ರವಲ್ಲ, ಹೆಂಗಸರು ಮಕ್ಕಳೊಡನೆ ಸಂಸಾರಗಳೇ ಹೊರಟು ಬಂದಿದ್ದವು. ಪೂರ್ವ ಜರ್ಮನಿಯಲ್ಲಿ 80 ಪ್ರತಿಶತಕ್ಕೂ ಹೆಚ್ಚು ವಂಶಪಾಲು ಆಗ ಬದಲಾಯಿತು. ಬಾಲ್ಕನ್‌ನಲ್ಲಿ ಹಳಬರು ಉಳಿದರು, ಹೊಸಬರು ಸೇರಿಕೊಂಡರು. ಹಾಗಾಗಿ ಮೊದಲಿಗೆ ಕೇಳಿದ ಪ್ರಶ್ನೆಗೆ ಒಂದು ಉತ್ತರ ಇಲ್ಲಿದೆ: ಥ್ರೇಸಿಯನ್ನರೂ ಅವರ ಮೇಲೆ ರೋಮನ್ ಕಾಲದಲ್ಲಿ ಸೇರಿದವರೂ ಅಳಿಯಲಿಲ್ಲ, ಭಾಷೆ ಹೋಯಿತು, ಸಂತತಿ ಇದೆ. ಬಲ್ಗೇರಿಯನ್ ಗಂಡಸರ, ತಂದೆಯಿಂದ ಮಗನಿಗೆ ಮಾತ್ರ ಹೋಗುವ ವೈ ಕ್ರೋಮೋಸೋಮ್‌ನಲ್ಲೂ ಈ ಜೋಡಿ ಎಳೆಗಳು ಕಾಣುತ್ತವೆ: ಬಾಲ್ಕನ್‌ನಲ್ಲಿ ಹಿಂದಿನಿಂದ ಇದ್ದ ಇ-ವಿ13 ಎಂಬ ಕವಲು ಒಂದು ಕಡೆ, ಸ್ಲಾವರೊಡನೆ ಹೆಚ್ಚು ಹರಡಿತೆಂದು ತಿಳಿಯಲಾದ ಐ-ಎಂ423 ಕವಲು ಇನ್ನೊಂದು ಕಡೆ.

ಇಷ್ಟು ಹೇಳಿದ ಮೇಲೆ ಈ ವಿದ್ಯೆಯ ದೊಡ್ಡ ಕುರುಡುತಾಣವನ್ನೂ ಹೇಳಲೇಬೇಕು. ಸ್ಲಾವರು ಕ್ರೈಸ್ತರಾಗುವವರೆಗೆ ತಮ್ಮ ಸತ್ತವರನ್ನು ಸುಡುತ್ತಿದ್ದರು. ಚಿತೆಯ ಬೆಂಕಿಯಲ್ಲಿ ಡಿಎನ್‌ಎ ಉಳಿಯುವುದಿಲ್ಲ. ಬಲ್ಗೇರಿಯಾದ ದೊರೆ ಬೋರಿಸ್ ದೀಕ್ಷಾಸ್ನಾನ ಪಡೆದದ್ದು 864ರಲ್ಲಿ. ಸ್ಲಾವರು ನೆಲೆಯೂರಿದ 6ನೇ ಶತಮಾನದ ಕೊನೆಯಿಂದ ಆ ವರ್ಷದವರೆಗೆ ಸುಮಾರು ಮುನ್ನೂರು ವರ್ಷ, ಅತ್ಯಂತ ದೊಡ್ಡ ಬೆರಕೆ ನಡೆದ ಕಾಲದಲ್ಲೇ, ಮುಖ್ಯ ಪಾತ್ರಧಾರಿಗಳ ಮೂಳೆಗಳು ನಮಗೆ ಇಲ್ಲ. ನಾವು ಹೇಳುವ ಪ್ರತಿಶತಗಳು ಬೆರಕೆಗೆ ಮುಂಚಿನ ಜನರನ್ನೂ ಬೆರಕೆಯಾದ ಮೇಲಿನ ಜನರನ್ನೂ ಇಟ್ಟುಕೊಂಡು ನಡುವಿನದನ್ನು ಲೆಕ್ಕಹಾಕಿದ್ದು. ಲೆಕ್ಕ ಭದ್ರವಾಗಿದೆ, ಆದರೆ ಯಾವ ಕಣಿವೆಯಲ್ಲಿ, ಯಾವ ತಲೆಮಾರಿನಲ್ಲಿ, ಯಾವ ಬಗೆಯ ಮದುವೆಗಳ ಮೂಲಕ ಅದು ನಡೆಯಿತೆಂಬುದು ಆ ಬೂದಿಯಲ್ಲೇ ಹುದುಗಿದೆ. ಶವದಹನ ನಮಗೆ ಪರಿಚಿತ ಪದ್ಧತಿ. ಭಾರತದ ಪ್ರಾಚೀನ ಡಿಎನ್‌ಎ ಅಧ್ಯಯನಕ್ಕೂ ಇದೇ ಅಡ್ಡಿ, ಜೊತೆಗೆ ಬಿಸಿಲಿನ ಅಡ್ಡಿ ಬೇರೆ. ಆದ್ದರಿಂದ ಈ ಮಿತಿಯ ತೂಕ ಕನ್ನಡ ಕೇಳುಗರಿಗೆ ಬೇಗ ಅರ್ಥವಾಗುತ್ತದೆಂದು ನನ್ನ ನಂಬಿಕೆ.

ಇನ್ನು ದೇಶಕ್ಕೆ ಹೆಸರು ಕೊಟ್ಟ ಬಲ್ಗಾರರು. ಇಲ್ಲಿ ನಿಧಾನವಾಗಿ ನಡೆಯಬೇಕು, ಏಕೆಂದರೆ ಅತಿ ಹೆಚ್ಚು ತಪ್ಪುಮಾತು ಕೇಳಿಬರುವುದು ಇಲ್ಲಿಯೇ. 2013ರಲ್ಲಿ 808 ಬಲ್ಗೇರಿಯನ್ ಗಂಡಸರ ವೈ ಕ್ರೋಮೋಸೋಮ್ ಅಧ್ಯಯನವೊಂದು ಪ್ರಕಟವಾಯಿತು. ಮಧ್ಯ ಏಷ್ಯಾ ಮತ್ತು ಅಲ್ತಾಯ್ ಕಡೆಯ ತುರ್ಕಿ ಭಾಷಿಕರಲ್ಲಿ ಹೆಚ್ಚಾಗಿ ಕಾಣುವ ಸಿ, ಎನ್, ಕ್ಯೂ ಎಂಬ ಕವಲುಗಳು ಇವರಲ್ಲಿ ಒಟ್ಟು 1.5 ಪ್ರತಿಶತ ಮಾತ್ರ ಎಂದು ಅದು ತೋರಿಸಿತು. ಕೆಲವರು ಇದರಿಂದ ಬಲ್ಗಾರರು ಬಂದದ್ದು ಅತಿ ಸ್ವಲ್ಪ ಜನ ಎಂದು ತೀರ್ಮಾನಿಸಿದರು. ಇನ್ನು ಕೆಲವರು ಬಲ್ಗಾರರು ತುರ್ಕಿ ಭಾಷಿಕರೇ ಆಗಿರಲಿಲ್ಲ ಎಂದರು. ಎರಡೂ ಆತುರದ ತೀರ್ಮಾನಗಳು. ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಿನಲ್ಲಿ ಸಿಥಿಯನ್ನರು, ಸರ್ಮಾತಿಯನ್ನರು, ಅಲನ್ನರು, ಹೂಣರು ಒಬ್ಬರ ನಂತರ ಒಬ್ಬರಂತೆ ಸಾವಿರ ವರ್ಷ ಬಾಳಿ ಬೆರೆತಿದ್ದರು. ಕುಬ್ರಾತನ ಕಾಲಕ್ಕೆ ಅಲ್ಲಿ ಪೂರ್ವದ ನುಡಿ ಆಡುತ್ತಿದ್ದವರ ಮೈಯಲ್ಲಿ ಪಶ್ಚಿಮದ ವಂಶವೇ ಬಹುಪಾಲು ಇದ್ದಿರಲು ಯಾವ ಅಡ್ಡಿಯೂ ಇಲ್ಲ. ಹಾಗಿದ್ದರೆ ಬಲ್ಗಾರರು ಎಷ್ಟೇ ಮಂದಿ ಬಂದಿದ್ದರೂ ಸಿ, ಎನ್, ಕ್ಯೂ ಎಣಿಸುವವನ ಕಣ್ಣಿಗೆ ಅವರಲ್ಲಿ ಹೆಚ್ಚಿನವರು ಬೀಳುವುದೇ ಇಲ್ಲ. ನಾವು ಯಾವ ಗುರುತನ್ನು ಹುಡುಕುತ್ತೇವೋ ಆ ಗುರುತು ಹೊತ್ತವರನ್ನು ಮಾತ್ರ ಎಣಿಸುತ್ತೇವೆ.

ಎರಡು ವರ್ಷಗಳ ನಂತರ, ಬಲ್ಗೇರಿಯಾದ ಈಶಾನ್ಯದ ನೊಝಾರೆವೊ, ಮೊಸ್ತಿಚ್ ಮಠ ಮತ್ತು ನೈಋತ್ಯದ ತುಹೊವಿಷ್ಟೆ ಎಂಬ ತಾಣಗಳ, 8ರಿಂದ 10ನೇ ಶತಮಾನದ 13 ಅಸ್ಥಿಗಳ ಮೈಟೊಕಾಂಡ್ರಿಯ ಡಿಎನ್‌ಎ ಪ್ರಕಟವಾಯಿತು. ಎಲ್ಲವೂ ಪಶ್ಚಿಮ ಯುರೇಷ್ಯಾದ ಕವಲುಗಳು. ಆ ಫಲಿತಾಂಶ ಸರಿಯಾಗಿಯೇ ಇದೆ, ಆದರೆ ಅದರ ಮೇಲೆ ಹೊರಿಸಿದ ಭಾರ ಹೆಚ್ಚಾಯಿತು. ಮೈಟೊಕಾಂಡ್ರಿಯ ತಾಯಿಯಿಂದ ಮಕ್ಕಳಿಗೆ ಹೋಗುವ ಒಂದೇ ಎಳೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮಗೆಲ್ಲ ಸಾವಿರಕ್ಕೂ ಹೆಚ್ಚು ಪೂರ್ವಜರ ಸ್ಥಾನಗಳಿವೆ, ಮೈಟೊಕಾಂಡ್ರಿಯ ಹೇಳುವುದು ಅವರಲ್ಲಿ ಒಬ್ಬಳ ಕಥೆಯನ್ನು. ಮೇಲಾಗಿ ಅಲೆಮಾರಿ ಸೈನ್ಯದವರು ಬಂದ ನೂರು ವರ್ಷದ ಮೇಲೆ ಅವರ ಮನೆಗಳಲ್ಲಿದ್ದ ತಾಯಂದಿರು ಯಾವ ಊರಿನವರೆಂದು ಯಾರು ಹೇಳಬಲ್ಲರು? ಪಶ್ಚಿಮ ಯುರೇಷ್ಯಾದ ತಾಯಿ ಎಳೆ ಇದ್ದಮಾತ್ರಕ್ಕೆ ಆ ವ್ಯಕ್ತಿ ಇರಾನಿ ನುಡಿ ಆಡುತ್ತಿದ್ದನೋ, ತುರ್ಕಿ ನುಡಿಯೋ, ಸ್ಲಾವಿಕ್ ನುಡಿಯೋ ಎಂದು ತಿಳಿಯುವ ದಾರಿಯೇ ಇಲ್ಲ. ನಾಲಿಗೆಯ ಮೇಲಿನ ಭಾಷೆ ಮೂಳೆಯಲ್ಲಿ ಅಚ್ಚಾಗುವುದಿಲ್ಲ.

ಅವಾರರೊಡನೆ ಹೋಲಿಸಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬಲ್ಗಾರರಿಗಿಂತ ನೂರು ವರ್ಷ ಮೊದಲು ಹಂಗೇರಿಯ ಬಯಲಿಗೆ ಬಂದ ಅವಾರರೂ ಕುದುರೆಸವಾರ ಅಲೆಮಾರಿಗಳೇ. 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ಆಳುವ ವರ್ಗದವರ ಜೀನೋಮ್ ಬಹುಪಾಲು ಮಂಗೋಲಿಯಾ ಕಡೆಯದೆಂದು ಕಂಡಿತು. ಯುರೋಪಿನ ನಡುವೆ ತಲೆಮಾರುಗಳ ಕಾಲ ಇದ್ದರೂ ಅವರಲ್ಲಿ ಅನೇಕರು ಹೊರಗಿನವರೊಡನೆ ಬೆರೆಯದೆ ಉಳಿದಿದ್ದರು. ಅವಾರರು ದೂರದ ಪೂರ್ವದಿಂದ ಕೆಲವೇ ವರ್ಷಗಳಲ್ಲಿ ನೇರವಾಗಿ ಬಂದವರು. ಬಲ್ಗಾರರು ಕಪ್ಪು ಸಮುದ್ರದ ನೆರೆಯವರು. ಹೀಗಾಗಿ ಕಣ್ಣಿಗೆ ಹೊಡೆಯುವ ಗುರುತು ಬಿಟ್ಟ ಅವಾರರ ಹೆಸರಿನಲ್ಲಿ ಇಂದು ಆ ಸೀಮೆಯಲ್ಲಿ ಯಾವ ದೇಶವೂ ಇಲ್ಲ, ಗುರುತೇ ಮಸುಕಾದ ಬಲ್ಗಾರರ ಹೆಸರಿನಲ್ಲಿ ಒಂದು ದೇಶವೂ ಒಂದು ಭಾಷೆಯೂ ಇವೆ. ಇದನ್ನು ವಿವರಿಸುವುದು ವಂಶವಾಹಿಯಲ್ಲ. ಬಲ್ಗಾರ ದೊರೆಗಳು ಕಟ್ಟಿದ ಪ್ಲಿಸ್ಕಾ ರಾಜಧಾನಿ, ಬೋರಿಸನ ಮತಾಂತರ, 886ರ ಹೊತ್ತಿಗೆ ಸ್ಲಾವಿಕ್ ಭಾಷೆಯಲ್ಲಿ ಕ್ರೈಸ್ತ ಧರ್ಮ ಸಾರಿದ ಪಾದ್ರಿ ಮೆಥೋಡಿಯಸ್‌ನ ಶಿಷ್ಯರಿಗೆ ದೊರೆತ ಆಶ್ರಯ, 893ರಲ್ಲಿ ರಾಜಧಾನಿ ಪ್ರೆಸ್ಲಾವ್‌ಗೆ ಹೋದ ಕಾಲದಲ್ಲಿ ಗ್ರೀಕ್ ಭಾಷೆಯ ಸ್ಥಾನಕ್ಕೆ ಬಂದ ಸ್ಲಾವಿಕ್ ಭಾಷೆ, ಇವೆಲ್ಲ ವಿವರಿಸುತ್ತವೆ.

ನಮ್ಮ ಅಡುಗೆಮನೆಯಲ್ಲಿ ಇದಕ್ಕೊಂದು ಹೋಲಿಕೆಯಿದೆ. ಗಡಿಗೆ ಹಾಲಿಗೆ ಹಾಕುವ ಹೆಪ್ಪು ಒಂದು ಚಮಚದಷ್ಟು. ಬೆಳಗಾಗುವಷ್ಟರಲ್ಲಿ ಗಡಿಗೆಯಲ್ಲಿರುವುದರ ಹೆಸರೂ ಗುಣವೂ ಬದಲಾಗಿರುತ್ತವೆ, ಆದರೆ ಅದರಲ್ಲಿರುವ ಬಹುಪಾಲು ಹಾಲಿನಿಂದಲೇ ಬಂದದ್ದು. ಬಲ್ಗಾರರು ಎಷ್ಟು ಚಮಚ ಎಂಬುದನ್ನು ಮೊಸರು ರುಚಿ ನೋಡಿ ಹೇಳಲಾಗುವುದಿಲ್ಲ. ಅಂದಹಾಗೆ, ಮೊಸರಾಗಿಸುವ ಬ್ಯಾಕ್ಟೀರಿಯಾಗಳಲ್ಲಿ ಮುಖ್ಯವಾದೊಂದಕ್ಕೆ ಬಲ್ಗೇರಿಯಾದ ಹೆಸರೇ ಇದೆ. ಸ್ತಾಮೆನ್ ಗ್ರಿಗೊರೊವ್ ಎಂಬ ಬಲ್ಗೇರಿಯನ್ ವೈದ್ಯ 1905ರಲ್ಲಿ ಜಿನೀವಾದಲ್ಲಿ ಅದನ್ನು ತಮ್ಮ ನಾಡಿನ ಮೊಸರಿನಿಂದ ಬೇರ್ಪಡಿಸಿ ಗುರುತಿಸಿದರು.

ಇಷ್ಟೆಲ್ಲ ಎಚ್ಚರ ಏಕೆ ಬೇಕೆಂದರೆ, ಮೂಲದ ವಾದ ಬಲ್ಗೇರಿಯಾದಲ್ಲಿ ಗ್ರಂಥಾಲಯದೊಳಗೆ ಮಾತ್ರ ನಿಂತಿಲ್ಲ. 1984–85ರ ಚಳಿಗಾಲದಲ್ಲಿ ಅಂದಿನ ಕಮ್ಯುನಿಸ್ಟ್ ಸರ್ಕಾರ, ದೇಶದ ತುರ್ಕಿ ಅಲ್ಪಸಂಖ್ಯಾತರು ವಾಸ್ತವವಾಗಿ ಒಟ್ಟೊಮನ್ನರ ಕಾಲದಲ್ಲಿ ಬಲವಂತವಾಗಿ ಇಸ್ಲಾಮಿಗೆ ಸೇರಿಸಲ್ಪಟ್ಟ ಬಲ್ಗೇರಿಯನ್ನರೇ ಎಂದು ಸಾರಿ, ಲಕ್ಷಾಂತರ ಜನರ ಹೆಸರುಗಳನ್ನು ಬಲವಂತದಿಂದ ಬದಲಿಸಿತು. 1989ರ ಬೇಸಿಗೆಯಲ್ಲಿ 3 ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ತುರ್ಕಿಗೆ ಹೊರಟರು. 2012ರ ಜನವರಿಯಲ್ಲಿ ಬಲ್ಗೇರಿಯಾದ ಸಂಸತ್ತು ಆ ಕೃತ್ಯವನ್ನು ಖಂಡಿಸಿತು. ಪೂರ್ವಜರು ಯಾರೆಂಬ ಊಹೆಯೊಂದು ಬದುಕಿರುವವರ ಹೆಸರನ್ನೇ ಕಿತ್ತುಕೊಳ್ಳಬಲ್ಲದೆಂದು ಕಂಡವರ ಮುಂದೆ, ವಿಜ್ಞಾನದ ಹೆಸರಿನಲ್ಲಿ ಒಂದು ಪ್ರತಿಶತವನ್ನು ಹೇಳುವವನು ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯುವುದಿಲ್ಲ ಎಂಬ ಎರಡನ್ನೂ ಹೇಳಬೇಕಾದ್ದು ಕರ್ತವ್ಯವೆಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಬಲ್ಗಾರರ ಪಾಲು ಎಂದಿಗೂ ತಿಳಿಯುವುದಿಲ್ಲವೇ ಎಂದು ಸಭಿಕರೊಬ್ಬರು ಕೇಳಿದರು. ದಾರಿಯಿದೆ, ಮತ್ತು ಅದು ಹಂಗೇರಿಯಲ್ಲಿ ಈಗಾಗಲೇ ನಡೆದು ತೋರಿಸಿದ ದಾರಿ. 2024ರಲ್ಲಿ ಪ್ರಕಟವಾದ ಕೆಲಸದಲ್ಲಿ ಸಂಶೋಧಕರು ನಾಲ್ಕು ಅವಾರ ಸ್ಮಶಾನಗಳನ್ನು ಆದಷ್ಟು ಪೂರ್ಣವಾಗಿ ಅಧ್ಯಯನ ಮಾಡಿ, 424 ವ್ಯಕ್ತಿಗಳ ಜೀನೋಮ್ ಓದಿದರು. ಅವರಲ್ಲಿ ಸುಮಾರು 300 ಜನರಿಗೆ ಅದೇ ಸ್ಮಶಾನದಲ್ಲಿ ಹತ್ತಿರದ ನೆಂಟರು ಸಿಕ್ಕರು. ರಾಕೋಟ್ಸಿಫಾಲ್ವಾ ಎಂಬಲ್ಲಿ ಒಂಬತ್ತು ತಲೆಮಾರುಗಳ ವಂಶವೃಕ್ಷವೇ ನಿಂತಿತು. ಗಂಡುಮಕ್ಕಳು ಹುಟ್ಟಿದ ನೆಲೆಯಲ್ಲೇ ಉಳಿಯುತ್ತಿದ್ದರು, ಹೆಣ್ಣುಮಕ್ಕಳು ಬೇರೆ ನೆಲೆಗಳಿಂದ ಸೊಸೆಯರಾಗಿ ಬರುತ್ತಿದ್ದರು ಎಂಬುದು ಯಾವ ಗ್ರಂಥದ ನೆರವೂ ಇಲ್ಲದೆ ಮೂಳೆಗಳಿಂದಲೇ ತಿಳಿಯಿತು. ದೇಶದ ಸರಾಸರಿ ಎಷ್ಟು ಪ್ರತಿಶತ ಎಂದು ಕೇಳುವುದನ್ನು ಬಿಟ್ಟು, ಒಂದು ಊರಿನ ಒಂದು ಮನೆತನಕ್ಕೆ ಏನಾಯಿತೆಂದು ಕೇಳುವ ಪದ್ಧತಿ ಇದು.

ಈಶಾನ್ಯ ಬಲ್ಗೇರಿಯಾದಲ್ಲಿ, ಚಿನ್ನದ ಗೋರಿಗಳು ಸಿಕ್ಕ ಅದೇ ವಾರ್ನಾ ಸೀಮೆಯಲ್ಲಿ, 8 ಮತ್ತು 9ನೇ ಶತಮಾನದ ಸ್ಮಶಾನಗಳಿವೆ. ಅವುಗಳಲ್ಲಿ ಸುಟ್ಟ ಬೂದಿ ತುಂಬಿದ ಮಡಕೆಗಳೂ ಸುಡದೆ ಹೂಳಿದ ಅಸ್ಥಿಪಂಜರಗಳೂ ಒಂದೇ ಅಂಗಳದಲ್ಲಿ, ಕೆಲವೇ ಅಡಿಗಳ ಅಂತರದಲ್ಲಿ ಇವೆ. ಮಡಕೆಯೊಳಗಿನವರ ಡಿಎನ್‌ಎ ಹೋಯಿತು. ಆದರೆ ಸುಡಿಸಿಕೊಂಡ ತಾಯಿಗೂ ಹೂಳಿಸಿಕೊಂಡ ತಂದೆಗೂ ಹುಟ್ಟಿದ ಮಗುವೊಂದು ಆ ಸಾಲಿನಲ್ಲಿ ಸುಡದೆ ಮಲಗಿದ್ದರೆ, ತಂದೆಯಿಂದ ಬಂದ ಅರ್ಧವನ್ನು ಗುರುತಿಸಿ ಬದಿಗಿಟ್ಟ ಮೇಲೆ ಆ ಮಗುವಿನ ಒಳಕಿವಿಯ ಮೂಳೆಯಲ್ಲಿ ಉಳಿಯುವ ಇನ್ನರ್ಧ ಆ ತಾಯಿಯದು.